ಏರಿಯಾ ಅಲ್ಲ, ಕ್ರಾಸ್ ನೋಡಿ: ಬೆಂಗಳೂರಿಗೆ ಹೊಸದಾಗಿ ಬರುವವರು ಮನೆ ಹುಡುಕುವ ಬಗೆ

ಬೆಂಗಳೂರಲ್ಲಿ ಕೆಲಸ ಸಿಕ್ಕಿತು ಅಂದ ತಕ್ಷಣ ಊರಲ್ಲಿ ಎಲ್ಲರೂ ಕೇಳುವುದು ಒಂದೇ: "ಯಾವ ಏರಿಯಾದಲ್ಲಿ ಮನೆ ಮಾಡ್ತೀಯ?" ಚಿಕ್ಕಪ್ಪ ವಿಜಯನಗರ ಅನ್ನುತ್ತಾರೆ, ಯಾಕಂದ್ರೆ ಮೂವತ್ತು ವರ್ಷದ ಹಿಂದೆ ಅವರು ಅಲ್ಲಿದ್ದರು. ಜೊತೆಗೆ ಓದಿದವನು ಬಿಟಿಎಂ ಅನ್ನುತ್ತಾನೆ, ಅವನ ಪಿಜಿ ಅಲ್ಲಿದೆ. ನಿನ್ನ ಆಫೀಸ್ ಎಲ್ಲಪ್ಪಾ ಅಂತ ಇಬ್ಬರೂ ಕೇಳಿರುವುದಿಲ್ಲ.

ನಾನು ತಿಪಟೂರಿನವನು. ಮೊದಲ ಮನೆ ನೋಡಿದ್ದು ಒಂದು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ. ರಸ್ತೆ ಖಾಲಿ, ತಂಪು ಗಾಳಿ, ಓನರ್ ಆಂಟಿ ಒಂದು ಲೋಟ ಮಜ್ಜಿಗೆ ಬೇರೆ ಕೊಟ್ಟರು. ಸಂಜೆಗೆಲ್ಲ ಅಡ್ವಾನ್ಸ್ ಕೊಟ್ಟುಬಿಟ್ಟೆ. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಟರೆ 11 ಕಿಲೋಮೀಟರಿಗೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಮಾರ್ಚ್ ಬರುವಷ್ಟರಲ್ಲಿ ಬೋರ್‌ವೆಲ್ ಕೈಕೊಟ್ಟಿತು. ಮಜ್ಜಿಗೆಯ ಋಣ ಹನ್ನೊಂದು ತಿಂಗಳಿಗೆ ತೀರಿತು. ಅಗ್ರಿಮೆಂಟ್ ಮುಗಿದ ದಿನವೇ ಖಾಲಿ ಮಾಡಿದೆ.

ಆಮೇಲೆ ಮೂರು ಮನೆ ಬದಲಿಸಿದ್ದೇನೆ. ತಂಗಿಗೆ, ಭಾವನಿಗೆ, ಊರಿನ ಹುಡುಗರಿಗೆ ಅಂತ ಸುತ್ತಿದ್ದು ಲೆಕ್ಕಕ್ಕಿಲ್ಲ. ಇಷ್ಟು ಸುತ್ತಿದ ಮೇಲೆ ಅನ್ನಿಸಿದ್ದು ಇಷ್ಟೇ: ಬೆಂಗಳೂರಲ್ಲಿ ಏರಿಯಾ ಹೆಸರಿನಿಂದ ಬಹಳ ಏನೂ ಗೊತ್ತಾಗುವುದಿಲ್ಲ. ಒಂದೇ ಏರಿಯಾದಲ್ಲಿ ಒಂದು ಕ್ರಾಸಿಗೆ, ಅಂದರೆ ಅಡ್ಡರಸ್ತೆಗೆ, ನೀರು ಬರುತ್ತದೆ, ಪಕ್ಕದ ಕ್ರಾಸಿಗೆ ಟ್ಯಾಂಕರ್ ಬರುತ್ತದೆ. ಒಂದು ಮೇನ್‌ನಲ್ಲಿ (ಮುಖ್ಯರಸ್ತೆಯಲ್ಲಿ) ಮಳೆನೀರು ಹರಿದು ಹೋಗುತ್ತದೆ, ಎರಡು ಮೇನ್ ಆಚೆ ನಿಂತುಬಿಡುತ್ತದೆ. ಅದಕ್ಕೇ ಹುಡುಕುವ ಕ್ರಮ ಹೀಗಿರಲಿ: ಮೊದಲು ದಿಕ್ಕು, ಆಮೇಲೆ ದಾರಿ, ಆಮೇಲೆ ಕ್ರಾಸ್, ಆಮೇಲೆ ಬಿಲ್ಡಿಂಗ್. ಮನೆಯೊಳಗಿನ ಟೈಲ್ಸು, ವಾರ್ಡ್‌ರೋಬು ಕೊನೆಗೆ. ನಾವು ಸಾಮಾನ್ಯವಾಗಿ ಇದನ್ನೆಲ್ಲ ತಲೆಕೆಳಗು ಮಾಡುತ್ತೇವೆ.

1. ಊರಲ್ಲಿ ಕೂತು ಮನೆ ಹಿಡಿಯಬೇಡಿ

ಮೊದಲ ಒಂದು ತಿಂಗಳು ಪಿಜಿಯಲ್ಲೋ ನೆಂಟರ ಮನೆಯಲ್ಲೋ ಇರಿ. ನೆಂಟರ ಮನೆಯಾದರೆ ಹದಿನೈದು ದಿನ ಸಾಕು, ಅದಕ್ಕಿಂತ ಜಾಸ್ತಿ ಇಬ್ಬರಿಗೂ ಕಷ್ಟ. ಪಿಜಿಯಾದರೆ ಸೇರುವಾಗಲೇ ಎರಡು ವಿಷಯ ಕೇಳಿ: ಬಿಡುವ ಮುಂಚೆ ಎಷ್ಟು ದಿನ ಮೊದಲು ಹೇಳಬೇಕು, ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತಾರೆ.

ಫೋಟೋ ನೋಡಿ ಟೋಕನ್ ಹಣ ಕಳಿಸುವ ಕೆಲಸ ಮಾತ್ರ ಬೇಡ. "ನಾನು ಮಿಲಿಟರಿಯಲ್ಲಿದ್ದೇನೆ, ಬೇರೆ ರಾಜ್ಯಕ್ಕೆ ಟ್ರಾನ್ಸ್‌ಫರ್ ಆಗಿದೆ, ಐದು ಸಾವಿರ ಹಾಕಿ, ಕೀ ಕಳಿಸ್ತೀನಿ" ಅನ್ನುವ ಫೋನ್ ಬಂದರೆ ಇಟ್ಟುಬಿಡಿ. ಆ ಫೋಟೋದಲ್ಲಿರುವ ಮನೆ ಇನ್ಯಾರದ್ದೋ ಆಗಿರುತ್ತದೆ.

2. ಒಂದು ಕಾಗದದ ಮೇಲೆ ಮೂರು ಚುಕ್ಕಿ ಹಾಕಿ

ಮೊದಲ ಚುಕ್ಕಿ ಆಫೀಸ್. ಎರಡನೆಯದು ಮನೆಯ ಇನ್ನೊಬ್ಬರದ್ದು: ಹೆಂಡತಿಯ ಅಥವಾ ಗಂಡನ ಆಫೀಸ್, ಇಲ್ಲವೇ ಮಕ್ಕಳ ಸ್ಕೂಲು. ಚಿಕ್ಕ ಮಕ್ಕಳಿದ್ದರೆ ಸ್ಕೂಲಿನದೇ ದೊಡ್ಡ ಚುಕ್ಕಿ. ದೊಡ್ಡವರು ಬಸ್ಸಲ್ಲಿ ಹಾಡು ಕೇಳಿಕೊಂಡು ಒಂದು ಗಂಟೆ ಕೂರಬಹುದು, ಯುಕೆಜಿ ಮಗು ವ್ಯಾನಿನಲ್ಲಿ ಕೂರಬಾರದು.

ಮೂರನೆಯ ಚುಕ್ಕಿಯನ್ನು ಬಹಳ ಜನ ಮರೆಯುತ್ತಾರೆ. ಅದು ನಿಮ್ಮ ಊರಿನ ದಿಕ್ಕು.

ತಿಂಗಳಿಗೆ ಎರಡು ಸಲ ಊರಿಗೆ ಹೋಗುವವರಿಗೆ ಇದು ಸಣ್ಣ ವಿಷಯ ಅಲ್ಲ. ತುಮಕೂರು, ಹಾಸನ, ಚಿತ್ರದುರ್ಗ, ದಾವಣಗೆರೆ, ಶಿವಮೊಗ್ಗ, ಹುಬ್ಬಳ್ಳಿ ಕಡೆಯವರ ಬಸ್ಸು ತುಮಕೂರು ರಸ್ತೆಯಲ್ಲೇ ಬರಬೇಕು. ಬೆಳಗಿನ ಜಾವ ಐದಕ್ಕೆ ಗೊರಗುಂಟೆಪಾಳ್ಯದಲ್ಲಿ ಇಳಿದರೆ ದಾಸರಹಳ್ಳಿ, ಪೀಣ್ಯ, ಯಶವಂತಪುರ, ಮಹಾಲಕ್ಷ್ಮಿ ಲೇಔಟ್, ರಾಜಾಜಿನಗರದವರು ಕಾಫಿ ಹೊತ್ತಿಗೆ ಮನೆಯಲ್ಲಿರುತ್ತಾರೆ. ಅದೇ ಬಸ್ಸಲ್ಲಿ ಬಂದ ವೈಟ್‌ಫೀಲ್ಡಿನವರು ಇನ್ನೂ ನಗರ ದಾಟುತ್ತಿರುತ್ತಾರೆ. ಮಂಡ್ಯ, ಮೈಸೂರು, ಚಾಮರಾಜನಗರ, ಕೊಡಗಿನವರಿಗೆ ಕೆಂಗೇರಿ, ರಾಜರಾಜೇಶ್ವರಿನಗರ, ನಾಯಂಡಹಳ್ಳಿ ಕಡೆ ಅನುಕೂಲ. ಕೋಲಾರದವರಿಗೆ ಕೆ.ಆರ್. ಪುರ, ಚಿಕ್ಕಬಳ್ಳಾಪುರದವರಿಗೆ ಯಲಹಂಕ, ಹೆಬ್ಬಾಳ. ಊರಿಂದ ಅಪ್ಪ ಅಮ್ಮ ತೆಂಗಿನಕಾಯಿ, ರಾಗಿಹಿಟ್ಟಿನ ಚೀಲ ಹೊತ್ತುಕೊಂಡು ಬರುವವರಾದರೆ ಈ ಚುಕ್ಕಿಯ ಬೆಲೆ ನಿಮಗೇ ಗೊತ್ತು.

ಮೂರು ಚುಕ್ಕಿಯೂ ಒಂದೇ ಕಡೆ ಬೀಳುವುದು ಅಪರೂಪ. ಆಫೀಸು ಪೂರ್ವಕ್ಕೆ, ಊರು ಪಶ್ಚಿಮಕ್ಕೆ ಇರುವುದೇ ಹೆಚ್ಚು. ಆಗ ವಾರಕ್ಕೆ ಎಷ್ಟು ದಿನ ಆಫೀಸು, ತಿಂಗಳಿಗೆ ಎಷ್ಟು ಸಲ ಊರು ಅಂತ ಎಣಿಸಿ. ವಾರಕ್ಕೆ ಐದು ದಿನ ಹೋಗುವವರಿಗೆ ಆಫೀಸೇ ಗೆಲ್ಲಬೇಕು. ಎರಡೇ ದಿನ ಹೋಗುವವರು ಊರಿನ ಕಡೆಗೆ ಸರಿಯಬಹುದು.

3. ಕಿಲೋಮೀಟರ್ ಬಿಡಿ, ಹಳಿ ಎಲ್ಲಿದೆ ನೋಡಿ

ಈ ನಗರದಲ್ಲಿ ದೂರವನ್ನು ಕಿಲೋಮೀಟರಲ್ಲಿ ಅಳೆಯುವವರು ಹೊಸಬರು. ಹಳಬರು ಜಂಕ್ಷನ್‌ಗಳಲ್ಲಿ ಅಳೆಯುತ್ತಾರೆ. "ಸಿಲ್ಕ್ ಬೋರ್ಡ್ ದಾಟಬೇಕಾ? ಟಿನ್ ಫ್ಯಾಕ್ಟರಿ ದಾಟಬೇಕಾ? ಹೆಬ್ಬಾಳ ಫ್ಲೈಓವರ್ ಹತ್ತಬೇಕಾ?" ದಾಟುವ ಹಾಗಿದ್ದರೆ ಅರ್ಧ ಗಂಟೆ ಸೇರಿಸಿಕೊಳ್ಳಿ.

ಇದಕ್ಕೆ ಮದ್ದು ಮೆಟ್ರೋ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ, ಸುಮಾರು 43 ಕಿಲೋಮೀಟರ್. ಕೆಂಗೇರಿ, ವಿಜಯನಗರ, ಮೆಜೆಸ್ಟಿಕ್, ಇಂದಿರಾನಗರ, ಕೆ.ಆರ್. ಪುರ, ಹೂಡಿ ಎಲ್ಲ ಇದರಲ್ಲೇ. 2023ರ ಅಕ್ಟೋಬರ್‌ನಲ್ಲಿ ಮಧ್ಯದ ಕೊಂಡಿ ಕೂಡಿದ ಮೇಲೆ ವಿಜಯನಗರದಲ್ಲಿ ಮನೆ, ವೈಟ್‌ಫೀಲ್ಡ್‌ನಲ್ಲಿ ಕೆಲಸ ಅನ್ನುವುದು ಆಗುವ ಮಾತಾಯಿತು. ಹತ್ತಿರ ಅಂತಲ್ಲ, ಒಂದು ಗಂಟೆಗೂ ಮೇಲೆ ಹಿಡಿಯುತ್ತದೆ. ಆದರೆ ಎಷ್ಟು ಹೊತ್ತು ಅಂತ ಗೊತ್ತಿರುತ್ತದೆ, ಅದೇ ದೊಡ್ಡದು. ಹಸಿರು ಮಾರ್ಗ ಮಾದಾವರದಿಂದ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ. ದಾಸರಹಳ್ಳಿ, ಯಶವಂತಪುರ, ರಾಜಾಜಿನಗರ, ಜಯನಗರ, ಬನಶಂಕರಿ, ಕೋಣನಕುಂಟೆ ಇದರ ಮೇಲಿವೆ. ಹಳದಿ ಮಾರ್ಗ ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ, ಎಲೆಕ್ಟ್ರಾನಿಕ್ ಸಿಟಿಯ ಮೇಲೆ. ಇದು 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಮೊದಮೊದಲು 25 ನಿಮಿಷಕ್ಕೊಂದು ರೈಲು ಇತ್ತು. ಅದಕ್ಕೇ ಯಾವ ಮಾರ್ಗವಾದರೂ ನೀವು ಹೋಗುವ ಹೊತ್ತಿಗೆ ಎಷ್ಟು ನಿಮಿಷಕ್ಕೊಂದು ರೈಲು ಇದೆ ಅಂತ ನಿಂತು ನೋಡಿ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರು ಮೊದಲೆಲ್ಲ ಅಲ್ಲೇ ಪಕ್ಕದಲ್ಲಿ ಇರಬೇಕಿತ್ತು, ಇಲ್ಲವೇ ದಿನಾ ಸಿಲ್ಕ್ ಬೋರ್ಡ್‌ನಲ್ಲಿ ಕಾಯಬೇಕಿತ್ತು. ಈಗ ಜಯನಗರ, ಬನಶಂಕರಿ, ಜೆ.ಪಿ. ನಗರದಲ್ಲಿದ್ದುಕೊಂಡು ಆರ್.ವಿ. ರೋಡಿನಲ್ಲಿ ರೈಲು ಬದಲಿಸಿ ಹೋಗಬಹುದು. ಮಾರತಹಳ್ಳಿ, ಬೆಳ್ಳಂದೂರು ಕಡೆಯ ಹೊರವರ್ತುಲ ರಸ್ತೆಯಲ್ಲಿ ಆಫೀಸ್ ಇರುವವರ ಪಾಡೇ ಬೇರೆ, ಈ ಮೂರು ಮಾರ್ಗವೂ ಅಲ್ಲಿಗೆ ಹೋಗುವುದಿಲ್ಲ. ನಾನು ಅಲ್ಲಿಗೇ ಹೋಗುತ್ತಿದ್ದವನು. ಅಲ್ಲಿ ಕೆಲಸವಾದರೆ ಅಲ್ಲೇ ಅಕ್ಕಪಕ್ಕ ಮನೆ ಮಾಡಿ ಅಂತಲೇ ಹೇಳುತ್ತೇನೆ. ಅದು ನಿಮಗೆ ಇಷ್ಟವಾಗುವ ಏರಿಯಾ ಅಲ್ಲದಿದ್ದರೂ.

ಮನೆ ತೋರಿಸುವವರು "ಇಲ್ಲಿ ಮೆಟ್ರೋ ಬರುತ್ತೆ ಸಾರ್" ಅಂತ ಬಾಡಿಗೆ ಏರಿಸುತ್ತಾರೆ. ಬಂದಾಗ ಕೊಡೋಣ ಅನ್ನಿ. ಇವತ್ತು ರೈಲು ಓಡುತ್ತಿದ್ದರೆ ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಸ್ಟೇಷನ್ನಿಗೆ ನಡೆದು ಹದಿನೈದು ನಿಮಿಷದೊಳಗೆ ಇರಬೇಕು. ಎರಡು ಕಿಲೋಮೀಟರ್ ಇದ್ದರೆ ದಿನಾ ಆಟೋದವರ ಹತ್ತಿರ ಮಾತುಕತೆ ಆಗುತ್ತದೆ, ಮಳೆ ಬಂದ ದಿನ ಮಾತುಕತೆಯೂ ಆಗುವುದಿಲ್ಲ.

ಬಸ್ಸನ್ನು ಮರೆಯಬೇಡಿ. ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸು ಉಚಿತ. ತಂಗಿ ಮನೆ ಹುಡುಕುವಾಗ ಮೆಟ್ರೋ ಬಿಟ್ಟು ಬಸ್ ಸ್ಟಾಪ್ ಹತ್ತಿರದ ಕ್ರಾಸನ್ನೇ ಆರಿಸಿದೆವು. ಅವಳ ಓಡಾಟದ ಖರ್ಚು ತಿಂಗಳಿಗೆ ಸೊನ್ನೆ. ನನ್ನದು ಹಾಗಲ್ಲ: 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿದಾಗ ತೀರಾ ದೂರದ ಟಿಕೆಟ್ 90 ರೂಪಾಯಿ ಆಯಿತು. ಹೋಗಿ ಬರಲು 180, 22 ದಿನಕ್ಕೆ 3,960. ದೂರದಲ್ಲಿ ಬಾಡಿಗೆ ಮೂರು ಸಾವಿರ ಕಮ್ಮಿ ಅಂತ ಖುಷಿಪಡುವ ಮುಂಚೆ ಈ ಲೆಕ್ಕ ಹಾಕಿ.

ದಾರಿ ಗೊತ್ತಾದ ಮೇಲೆ ಒಮ್ಮೆ ನಿಜವಾಗಿ ಹೋಗಿ ನೋಡಿ. ಸೋಮವಾರ ಬೆಳಿಗ್ಗೆ ಎಂಟೂವರೆಗೆ ಆ ಮನೆಯ ಗೇಟಿನಿಂದ ಹೊರಟು ಆಫೀಸ್ ಮುಟ್ಟಿ. ಸಂಜೆ ಆರಕ್ಕೆ ವಾಪಸ್ ಬನ್ನಿ. ಇನ್ನೂ ಬಾಡಿಗೆಗೆ ಹಿಡಿಯದ ಮನೆಯಿಂದ ಆಫೀಸಿಗೆ ಹೋಗುವುದು ಹುಚ್ಚಾಟ ಅನ್ನಿಸಬಹುದು. ನಾನು ಇದನ್ನು ಮಾಡಿದ್ದರೆ ಆ ಮಜ್ಜಿಗೆ ಕುಡಿದು ಸುಮ್ನೆ ಎದ್ದು ಬರುತ್ತಿದ್ದೆ.

4. ಏರಿಯಾ ಬಗ್ಗೆ ನನ್ನ ಮಾತು, ಬೇಗ ಮುಗಿಸುತ್ತೇನೆ

ಅಪ್ಪ ಅಮ್ಮನ ಜೊತೆ ಇರುವವರಿಗೆ ಬಸವನಗುಡಿ, ಹನುಮಂತನಗರ, ಮಲ್ಲೇಶ್ವರ, ರಾಜಾಜಿನಗರ, ವಿಜಯನಗರ. ತರಕಾರಿಯವರ ಹತ್ತಿರ, ಆಟೋದವರ ಹತ್ತಿರ, ಮೆಡಿಕಲ್ ಸ್ಟೋರಿನಲ್ಲಿ ಅಮ್ಮ ಕನ್ನಡದಲ್ಲೇ ಮಾತಾಡಬಹುದು. ಬೆಳಿಗ್ಗೆ ದೇವಸ್ಥಾನಕ್ಕೆ, ಸಂಜೆ ಪಾರ್ಕಿಗೆ ನಡೆದೇ ಹೋಗಬಹುದು. ಬಸವನಗುಡಿ ಮತ್ತು ಮಲ್ಲೇಶ್ವರ 1898ರ ಪ್ಲೇಗಿನ ಕಾಲದಲ್ಲಿ ಬೆಳೆದ ಬಡಾವಣೆಗಳು. ಗಾಳಿ ಬೆಳಕು ಬೇಕು ಅಂತಲೇ ಅಗಲ ರಸ್ತೆ ಬಿಟ್ಟು ಕಟ್ಟಿದ್ದು. ಆ ಮರಗಳ ನೆರಳಿಗೆ ಇವತ್ತು ಬಾಡಿಗೆಯಲ್ಲಿ ಬೆಲೆ ಕಟ್ಟುತ್ತೀರಿ. ಜೊತೆಗೆ ಬೋರ್ಡಿನಲ್ಲಿ "ಸಸ್ಯಾಹಾರಿಗಳಿಗೆ ಮಾತ್ರ" ಅಂತ ಇರುವುದೂ ಈ ಕಡೆ ಜಾಸ್ತಿ. ಕೋಳಿ ಸಾರು ಬಿಡಲಾಗದವರು ಫೋನಲ್ಲೇ ಕೇಳಿಬಿಡಿ, ಓಡಾಟ ಉಳಿಯುತ್ತದೆ.

ಒಂಟಿಯಾಗಿ ಬರುವ ಹುಡುಗರು ಹುಡುಗಿಯರಿಗೆ ಬಿಟಿಎಂ, ಎಚ್ಎಸ್ಆರ್, ಕೋರಮಂಗಲ, ಮಾರತಹಳ್ಳಿ ಸುಲಭ. ಯಾರೂ ನಿಮ್ಮನ್ನು "ಮದುವೆ ಆಗಿಲ್ವಾ?" ಅಂತ ಕೇಳುವುದಿಲ್ಲ. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಸುಂಕದಕಟ್ಟೆ, ಲಗ್ಗೆರೆ, ದಾಸರಹಳ್ಳಿ, ಕೆಂಗೇರಿ ಕಡೆ ನೋಡಿ. ಕೆಂಗೇರಿ ಉಪನಗರ ನನಗೆ ಇಷ್ಟದ ಜಾಗ. ಮೆಟ್ರೋ ಇದೆ, ಮೈಸೂರು ರಸ್ತೆ ಇದೆ, ಇನ್ನೂ ಸ್ವಲ್ಪ ಆಕಾಶ ಕಾಣುತ್ತದೆ.

ವಿಳಾಸದ ಒಂದು ಮಾತು. ಮೇನ್ ಒಂದು ದಿಕ್ಕಿಗೆ ಹೋದರೆ ಕ್ರಾಸ್ ಅದಕ್ಕೆ ಅಡ್ಡ. ಆದರೆ "5ನೇ ಕ್ರಾಸ್" ಅನ್ನುವುದು ಪ್ರತಿ ಬ್ಲಾಕಿಗೂ, ಪ್ರತಿ ಸ್ಟೇಜಿಗೂ ಬೇರೆಬೇರೆ ಇರುತ್ತದೆ. ಬ್ಲಾಕ್, ಸ್ಟೇಜ್, ಸೆಕ್ಟರ್ ಕೇಳದೆ ಹೊರಡಬೇಡಿ. ಬನಶಂಕರಿ ಎರಡನೇ ಸ್ಟೇಜೇ ಬೇರೆ, ಆರನೇ ಸ್ಟೇಜೇ ಬೇರೆ, ಮಧ್ಯೆ ಒಂದು ಪ್ರಯಾಣವೇ ಇದೆ.

5. ನೀರು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಮನೆ ಕೆಡುವುದು ಇಲ್ಲೇ.

ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಮೇಲೇರಿ ಬರುತ್ತದೆ. ಹಳೇ ಬಡಾವಣೆಗಳಿಗೆ ಇದರ ಪೈಪು ಹಿಂದಿನಿಂದ ಇದೆ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದಿನಕ್ಕೆ 775 ದಶಲಕ್ಷ ಲೀಟರ್ ನೀರಿನ ಯೋಜನೆ ಅದು. ಹಾಗಂತ ರಸ್ತೆಯಲ್ಲಿ ಪೈಪು ಬಂದಿದೆ ಅಂದರೆ ಬಿಲ್ಡಿಂಗಿಗೆ ಕನೆಕ್ಷನ್ ಇದೆ ಅಂತಲ್ಲ. ಓನರ್ ಜಲಮಂಡಳಿಗೆ ಅರ್ಜಿ ಹಾಕಿ, ದುಡ್ಡು ಕಟ್ಟಿ ತೆಗೆದುಕೊಂಡಿರಬೇಕು.

"ನೀರು ಇದೆಯಾ?" ಅಂತ ಕೇಳಿದರೆ ಪ್ರಪಂಚದ ಎಲ್ಲ ಓನರೂ ಇದೆ ಅನ್ನುತ್ತಾರೆ. ನನ್ನ ಮೊದಲ ಓನರ್ "24 ಗಂಟೆ ನೀರು" ಅಂದಿದ್ದರು. ಸುಳ್ಳಲ್ಲ, ಬೋರ್‌ವೆಲ್ ಇದ್ದಷ್ಟು ದಿನ ಇತ್ತು. ಹೀಗೆ ಕೇಳಿ: ಕಾವೇರಿನಾ ಬೋರಾ? ಕಾವೇರಿ ಆದರೆ ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತಿಗೆ ಬಿಡುತ್ತಾರೆ? ಸಂಪು (ನೆಲದಡಿಯ ನೀರಿನ ತೊಟ್ಟಿ) ಎಷ್ಟು ಲೀಟರಿನದು, ಎಷ್ಟು ಮನೆಗೆ? 2024ರ ಬೇಸಿಗೆಯಲ್ಲಿ ಏನು ಮಾಡಿದಿರಿ? ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. ಆ ವರ್ಷ ನಗರದ ಉದ್ದಗಲಕ್ಕೂ ಬೋರ್‌ವೆಲ್ ಬತ್ತಿದ್ದವು. ತಕ್ಷಣ "ಟ್ಯಾಂಕರ್ ತರಿಸಿದ್ವಿ, ಮನೆಗೆ ಇಷ್ಟು ಬಿತ್ತು" ಅಂತ ಲೆಕ್ಕ ಹೇಳುವವರು ನಂಬಿಕಸ್ತರು. "ನಮಗೇನೂ ತೊಂದರೆ ಆಗಲಿಲ್ಲ" ಅನ್ನುವವರ ಬಿಲ್ಡಿಂಗಿನಲ್ಲಿ ಇನ್ನೊಬ್ಬರನ್ನು ಕೇಳಿ.

ಕೇಳದೆಯೂ ಕಾಣುವುದುಂಟು. ಬಾತ್‌ರೂಮಿಗೆ ಹೋಗಿ ನಲ್ಲಿಯ ಮೂತಿ ನೋಡಿ. ಬಿಳಿ ಪುಡಿ ಗಟ್ಟಿಯಾಗಿ ಕೂತಿದ್ದರೆ, ಶವರಿನ ಅರ್ಧ ತೂತು ಕಟ್ಟಿಕೊಂಡಿದ್ದರೆ ಅದು ಗಡಸು ಬೋರ್ ನೀರು. ಬೇಳೆ ಬೇಯುವುದಿಲ್ಲ, ಗೀಸರ್ ಬೇಗ ಹಾಳು, ತಲೆಕೂದಲಿನ ವಿಷಯ ಕೇಳಲೇಬೇಡಿ. ಹೊರಗೆ ಬಂದು ಕ್ರಾಸ್ ಉದ್ದಕ್ಕೂ ಕಣ್ಣಾಡಿಸಿ. ಮನೆಮನೆಯ ಗೇಟಿನಲ್ಲೂ ನೀಲಿ ಡ್ರಮ್ಮು ಸಾಲಾಗಿ ನಿಂತಿದ್ದರೆ ಆ ಡ್ರಮ್ಮುಗಳು ಅಲಂಕಾರಕ್ಕೆ ನಿಂತಿರುವುದಿಲ್ಲ ಅಲ್ವಾ?

6. ಮಳೆ ಬಂದ ಮಾರನೆಯ ದಿನ ಹೋಗಿ

ಈ ನಗರದ ಕೆರೆಗಳು ಒಂದಕ್ಕೊಂದು ರಾಜಕಾಲುವೆಗಳಿಂದ ಜೋಡಿಸಿಕೊಂಡಿದ್ದವು. ಮೇಲಿನ ಕೆರೆ ತುಂಬಿದರೆ ಕೋಡಿ ಬಿದ್ದು ಕೆಳಗಿನದಕ್ಕೆ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಕೆರೆ ಹೋಯಿತು, ಆದರೆ ನೀರಿಗೆ ದಾರಿ ಮರೆತಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆ ಕೋಟಿ ಕೋಟಿಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಕರೆತಂದರು. ಬಾಡಿಗೆ ಜಾಸ್ತಿ ಅಂದರೆ ಎತ್ತರದ ಜಾಗ ಅಂತ ಅರ್ಥ ಅಲ್ಲ.

ಮಳೆಗಾಲದಲ್ಲಿ ಹುಡುಕುತ್ತಿದ್ದರೆ ಅದೇ ಅದೃಷ್ಟ. ಜೋರು ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಆ ಕ್ರಾಸಿಗೆ ಹೋಗಿ. ಬೇಸಿಗೆಯಾದರೆ ಗುರುತು ಹುಡುಕಿ. ಕಾಂಪೌಂಡ್ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಒಂದು ಕೆಸರುಗೆರೆ. ಪಾರ್ಕಿಂಗ್ ಇಳಿಜಾರಿನ ಬಾಯಲ್ಲಿ ಸಿಮೆಂಟಿನ ಅಡ್ಡಕಟ್ಟೆ. ಗೇಟಿನ ಮೂಲೆಯಲ್ಲಿ ಮರಳಿನ ಚೀಲ. ರಸ್ತೆಗೆ ಮೇಲಿಂದ ಮೇಲೆ ಟಾರು ಹಾಕಿ ಹಾಕಿ ಮನೆಯ ಹೊಸಿಲು ರಸ್ತೆಗಿಂತ ಕೆಳಗೆ ಹೋಗಿದ್ದರೆ ಆ ನೆಲಮಹಡಿ ಬೇಡವೇ ಬೇಡ. ಹಾಗಂತ ಮೇಲಿನ ತುದಿಗೆ ಓಡಬೇಡಿ. ಟೆರೇಸಿನ ಕೆಳಗಿನ ಮನೆ ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದಾದರೂ ಆರುವುದಿಲ್ಲ. ಸಿಕ್ಕರೆ ಒಂದನೇ ಮಹಡಿ, ಇಲ್ಲವೇ ಎರಡನೆಯದು.

7. ಇಸ್ತ್ರಿ ಗಾಡಿಯ ಹತ್ತಿರ ಹತ್ತು ನಿಮಿಷ

ಬ್ರೋಕರಿಗಿಂತ, ಓನರಿಗಿಂತ, ಯಾವ ಆ್ಯಪಿಗಿಂತಲೂ ಒಂದು ಕ್ರಾಸಿನ ಬಗ್ಗೆ ಚೆನ್ನಾಗಿ ಗೊತ್ತಿರುವುದು ಅಲ್ಲಿ ಬಟ್ಟೆ ಇಸ್ತ್ರಿ ಮಾಡುವವರಿಗೆ. ಹೊಂಗೆ ಮರದ ಕೆಳಗೆ ತಳ್ಳುಗಾಡಿ, ಮೇಲೊಂದು ನೀಲಿ ಟಾರ್ಪಾಲು, ಕೆಂಡದ ಇಸ್ತ್ರಿಪೆಟ್ಟಿಗೆ. ಎಲ್ಲ ಮನೆಗೂ ಹೋಗಿ ಬಟ್ಟೆ ತಂದು ಕೊಡುವವರು ಅವರೇ. ಯಾರು ಖಾಲಿ ಮಾಡುತ್ತಿದ್ದಾರೆ, ಯಾಕೆ ಮಾಡುತ್ತಿದ್ದಾರೆ, ಎರಡೂ ಗೊತ್ತು.

ಭಾವನಿಗೆ ಮನೆ ನೋಡುವಾಗ ನಾನು ಎರಡು ಅಂಗಿ ಜೊತೆಗೇ ತೆಗೆದುಕೊಂಡು ಹೋಗಿದ್ದೆ. ಕೊಟ್ಟು ನಿಂತೆ.

"ಅಕ್ಕ, ಆ ಹಸಿರು ಗೇಟಿನ ಬಿಲ್ಡಿಂಗಲ್ಲಿ ಮನೆ ಖಾಲಿ ಇದೆಯಂತೆ. ನೀರು ಹೇಗೆ?"

ಅಕ್ಕ ತಲೆ ಎತ್ತಲಿಲ್ಲ. ಕಾಲರ್ ಮೇಲೆ ನೀರು ಚಿಮುಕಿಸಿ, ಪೆಟ್ಟಿಗೆ ಒತ್ತಿ, ಹೊಗೆ ಹೋದ ಮೇಲೆ ಮಾತಾಡಿದರು. "ನೀರು ಬರುತ್ತೆ ಕಣಪ್ಪ, ದಿನ ಬಿಟ್ಟು ದಿನ. ಸಂಪು ಚಿಕ್ಕದು. ಮೇಲೆ ಎರಡು ಮನೆ ಹೊಸದಾಗಿ ಎಬ್ಬಿಸವ್ರೆ, ಸಂಪು ಹಳೇದೇ."

"ಓನರ್ ಹೇಗೆ?"

"ಒಳ್ಳೇವ್ರೇ. ಅಡ್ವಾನ್ಸ್ ವಾಪಸ್ ಕೊಡೋವಾಗ ಮಾತ್ರ ಫೋನ್ ಎತ್ತಲ್ಲ."

ಎರಡು ಅಂಗಿಯ ಇಸ್ತ್ರಿಗೆ ಕೊಟ್ಟಷ್ಟು ದುಡ್ಡಿನಲ್ಲಿ ಇಷ್ಟು ಸಮಾಚಾರ ಎಲ್ಲಿ ಸಿಗುತ್ತದೆ? ಅದೇ ಕ್ರಾಸಿನಲ್ಲಿ ನಾಲ್ಕು ಮನೆ ಆಚೆ ಇನ್ನೊಂದು ಖಾಲಿ ಇದೆ ಅಂತ ತೋರಿಸಿದ್ದೂ ಅವರೇ. ಭಾವ ಈಗ ಅಲ್ಲಿದ್ದಾರೆ. ಬ್ರೋಕರಿಗೆ ಕೊಡಬೇಕಿದ್ದ ಒಂದು ತಿಂಗಳ ಬಾಡಿಗೆ ಉಳಿಯಿತು. ಅಕ್ಕನಿಗೆ ಹಬ್ಬಕ್ಕೆ ಸೀರೆ ಕೊಟ್ಟರು.

ಇಸ್ತ್ರಿ ಗಾಡಿ ಇಲ್ಲದಿದ್ದರೆ ಬೆಳಿಗ್ಗೆ ಆರೂವರೆಗೆ ನಂದಿನಿ ಬೂತು. ಅಲ್ಲಿ ಕಸದ ಆಟೋ ಸರಿಯಾಗಿ ಬರುತ್ತದೋ ಇಲ್ಲವೋ ಕೇಳಿ. ರಾತ್ರಿ ಹತ್ತಕ್ಕೆ ಇನ್ನೊಮ್ಮೆ ಹೋಗಿ. ಬೀದಿದೀಪ ಎಷ್ಟು ಉರಿಯುತ್ತಿವೆ, ನಾಯಿಗಳು ಎಷ್ಟಿವೆ, ಮೂಲೆಯ ಅಂಗಡಿ ಮುಂದೆ ಯಾರು ನಿಲ್ಲುತ್ತಾರೆ, ಕಲ್ಯಾಣ ಮಂಟಪ ಎಷ್ಟು ಹತ್ತಿರ ಇದೆ, ಇದೆಲ್ಲ ಹಗಲಲ್ಲಿ ಕಾಣುವುದಿಲ್ಲ. ಒಬ್ಬರೇ ಇರುವ ಹೆಣ್ಣುಮಕ್ಕಳು ಸ್ಟೇಷನ್ನಿನಿಂದ ಮನೆವರೆಗೆ ಆ ಹೊತ್ತಿಗೆ, ಯಾರನ್ನಾದರೂ ಜೊತೆಗೆ ಕರೆದುಕೊಂಡು, ಒಮ್ಮೆ ನಡೆದು ನೋಡಬೇಕು.

ಒಳಗೆ ಹೋದಾಗ ಅಡುಗೆಮನೆ ಕಿಟಕಿ ತೆರೆದು ನೋಡಿ. 30-40 ಅಡಿಯ ಸೈಟಿನಲ್ಲಿ ನಾಲ್ಕು ಮಹಡಿ ಕಟ್ಟಿರುವ ಕಡೆ ಕಿಟಕಿ ತೆರೆದರೆ ಪಕ್ಕದ ಮನೆ ಗೋಡೆ ಕೈಗೆ ತಾಗುತ್ತದೆ. ಹಗಲಲ್ಲೂ ಲೈಟ್ ಹಾಕಬೇಕು. ಅವರ ಮನೆ ಒಗ್ಗರಣೆಯ ಘಾಟಿಗೆ ನಿಮ್ಮ ಮನೆಯಲ್ಲಿ ಸೀನು.

8. ದುಡ್ಡಿನ ಮಾತು

ಬಾಡಿಗೆ ಅಂದರೆ ಬೋರ್ಡಿನ ಮೇಲಿನ ಸಂಖ್ಯೆ ಅಲ್ಲ. ಬಾಡಿಗೆ, ನೀರು, ಮೇಂಟೆನೆನ್ಸ್, ಓಡಾಟ ನಾಲ್ಕೂ ಕೂಡಿಸಿ ಎರಡು ಮನೆಗಳನ್ನು ಹೋಲಿಸಿ. 15 ಸಾವಿರದ ಮನೆಗೆ ನೀರು 800, ಓಡಾಟ 4 ಸಾವಿರ. 18 ಸಾವಿರದ ಮನೆಗೆ ನೀರು ಸೇರಿದೆ, ಆಫೀಸಿಗೆ ನಡೆದೇ ಹೋಗಬಹುದು. ಯಾವುದು ಅಗ್ಗ?

ಅಡ್ವಾನ್ಸ್ ಹಿಂದೆ ಹತ್ತು ತಿಂಗಳ ಬಾಡಿಗೆ ಕೇಳುತ್ತಿದ್ದರು, ಈಗಲೂ ಕೆಲವರು ಕೇಳುತ್ತಾರೆ. ಚೌಕಾಸಿ ಮಾಡಿ, ಐದಾರು ತಿಂಗಳಿಗೆ ಇಳಿಯುವವರಿದ್ದಾರೆ. ನಗದು ಕೊಡಬೇಡಿ, ಬ್ಯಾಂಕ್ ಮೂಲಕವೇ ಹಾಕಿ. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿನ ರೂಢಿ. ನಿಮಗೆ ಮನೆ ಕೊಡುವಾಗ ಹೊಸ ಪೇಂಟ್ ಹೊಡೆಸಿದ್ದರೆ ಮಾತ್ರ ಅದಕ್ಕೆ ಒಪ್ಪಿ, ಮೊತ್ತವನ್ನೂ ಅಗ್ರಿಮೆಂಟಿನಲ್ಲಿ ಬರೆಸಿ. ವರ್ಷಕ್ಕೆ ಎಷ್ಟು ಏರಿಸುತ್ತಾರೆ, ಖಾಲಿ ಮಾಡಲು ಎಷ್ಟು ತಿಂಗಳು ಮೊದಲು ಹೇಳಬೇಕು, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ಈ ಮೂರೂ ಅದರಲ್ಲಿ ಇರಲಿ. ಅಗ್ರಿಮೆಂಟ್ 11 ತಿಂಗಳಿಗೇ ಯಾಕೆ ಅಂದರೆ, ವರ್ಷ ದಾಟಿದ ಕರಾರನ್ನು ನೋಂದಣಿ ಮಾಡಿಸಲೇಬೇಕು.

ಭೋಗ್ಯದ ಆಸೆ ತೋರಿಸುವವರು ಸಿಗುತ್ತಾರೆ. ಒಂದೇ ಸಲ ಲಕ್ಷಗಟ್ಟಲೆ ಕೊಡಿ, ಬಾಡಿಗೆ ಬೇಡ, ಹೋಗುವಾಗ ಪೂರ್ತಿ ವಾಪಸ್. ಕೇಳಲು ಚೆಂದ. ಓನರ್ ಆ ಮನೆ ಮೇಲೆ ಬ್ಯಾಂಕ್ ಸಾಲ ಮಾಡಿ ತೀರಿಸದಿದ್ದರೆ ನೀವು ಒಳಗಿರುವಾಗಲೇ ಹರಾಜಿನ ನೋಟಿಸ್ ಬಾಗಿಲಿಗೆ ಅಂಟುತ್ತದೆ. ಮನೆ ಮೇಲೆ ನೋಂದಣಿಯಾದ ಸಾಲ ತೋರಿಸುವ ಋಣಭಾರ ಪತ್ರ ತೆಗೆಸಿ ನೋಡದೆ, ಕರಾರು ನೋಂದಣಿ ಮಾಡಿಸದೆ ಭೋಗ್ಯಕ್ಕೆ ಕೈ ಹಾಕಬೇಡಿ. ನಗರಕ್ಕೆ ಹೊಸಬರಾದರೆ ಅದರ ಸಹವಾಸವೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಕರೆಂಟ್ ಮೀಟರ್ ನಿಮ್ಮ ಮನೆಗೆ ಬೇರೆ ಇದೆಯಾ ನೋಡಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಹಳೇ ಬಾಡಿಗೆದಾರರ ಆಧಾರ್ ಆ ಮೀಟರಿನಿಂದ ಬಿಡಿಸಿರಬೇಕು. ಕೀ ಕೈಗೆ ಬಂದ ದಿನ ಮೀಟರಿನ ರೀಡಿಂಗ್, ಗೋಡೆಯ ಬಿರುಕು, ಒಡೆದ ಸ್ವಿಚ್ಚು ಎಲ್ಲದರ ಫೋಟೋ ತೆಗೆದು ಓನರಿಗೇ ವಾಟ್ಸಾಪ್ ಮಾಡಿ. ಜಗಳಕ್ಕಲ್ಲ, ನೆನಪಿಗೆ ಅನ್ನಿ.

9. ಆಷಾಢದಲ್ಲಿ ಹುಡುಕಿ

ಇದು ನಮ್ಮವರಿಗಷ್ಟೇ ಗೊತ್ತಿರುವ ಗುಟ್ಟು. ಏಪ್ರಿಲ್, ಮೇ ತಿಂಗಳಲ್ಲಿ ಸ್ಕೂಲು ಶುರುವಾಗುವ ಮುಂಚೆ ಎಲ್ಲರೂ ಮನೆ ಬದಲಿಸುತ್ತಾರೆ, ಆಗ ಓನರುಗಳು ಮಾತಿಗೇ ಸಿಗುವುದಿಲ್ಲ. ಆಷಾಢ ಬಂತೆಂದರೆ ಯಾರೂ ಹೊಸ ಮನೆಗೆ ಹೋಗುವುದಿಲ್ಲ. ಪಿತೃಪಕ್ಷದಲ್ಲೂ ಅಷ್ಟೇ. ಟು-ಲೆಟ್ ಬೋರ್ಡು ಮಳೆಯಲ್ಲಿ ನೆನೆಯುತ್ತಾ ನೇತಾಡುತ್ತಿರುತ್ತದೆ. ಖಾಲಿ ಮನೆ ಒಂದು ತಿಂಗಳು ಬಾಡಿಗೆ ತರದಿದ್ದಾಗ ಓನರ್ ಧ್ವನಿಯೂ ಮೆತ್ತಗಾಗುತ್ತದೆ. ಮಳೆಯೂ ಇರುವುದರಿಂದ ಕ್ರಾಸಿನ ಗುಣವೂ ಗೊತ್ತಾಗುತ್ತದೆ.

ನಾನು ಈಗಿರುವ ಮನೆ ಮಾತಾಡಿದ್ದು ಆಷಾಢದ ಒಂದು ಬುಧವಾರ, ಕೊಡೆ ಹಿಡಿದುಕೊಂಡು. ಬಾಡಿಗೆಯಲ್ಲಿ ಸಾವಿರ ಇಳಿಸಿದರು, ಅಡ್ವಾನ್ಸ್‌ನಲ್ಲಿ ಎರಡು ತಿಂಗಳದ್ದು ಬಿಟ್ಟರು. "ಅಮ್ಮ ಆಷಾಢದಲ್ಲಿ ಹಾಲು ಉಕ್ಕಿಸಲ್ಲ ಅಂತಾರೆ ಅಂಕಲ್, ಶ್ರಾವಣಕ್ಕೆ ಬರ್ತೀವಿ" ಅಂದೆ. "ನಮ್ಮನೇಲೂ ಹಾಗೇ ಕಣಪ್ಪ" ಅಂದರು. ಶ್ರಾವಣದ ಮೊದಲ ಶುಕ್ರವಾರ ಅಮ್ಮ ತಿಪಟೂರಿನಿಂದ ಬೆಳಗಿನ ರೈಲಿಗೆ ಬಂದು ಹಾಲು ಉಕ್ಕಿಸಿದರು. ನಡುವಿನ ದಿನಗಳ ಬಾಡಿಗೆಯನ್ನು ಅಂಕಲ್ ಕೇಳಲಿಲ್ಲ.